ಐಪಿ ಹಾಕೋದಾ, ಸುಮ್ನೆ ಕೈ ಎತ್ತೋದಾ? ಸಾಲ ತೀರಿಸಲಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಜಿಲ್ಲಾ ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವ ವಕೀಲ. ಸಾಲದ ವಿಷಯಕ್ಕೆ ಆಫೀಸಿಗೆ ಬರುವವರು ಮೊದಲು ಬೇರೆ ಏನೇನೋ ಮಾತಾಡುತ್ತಾರೆ. ಮಳೆ, ಮಗಳ ಕಾಲೇಜು, ಊರ ಜಾತ್ರೆ. ಎದ್ದು ಹೊರಡುವಾಗ ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ ಕೇಳುತ್ತಾರೆ: "ಸಾರ್, ಐಪಿ ಹಾಕಿಬಿಟ್ರೆ ಹೇಗೆ?" ಆ ಬಾಗಿಲ ಬಳಿಯ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ಐಪಿ ಅಂದ್ರೆ ಏನು? ಕೈ ಎತ್ತೋದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಐಪಿ ಅಂದರೆ ಇನ್ಸಾಲ್ವೆನ್ಸಿ ಪಿಟಿಷನ್, ದಿವಾಳಿ ಅರ್ಜಿ. ಹಿರಿಯರು "ಪಾಪರ್ ಆದ" ಅನ್ನುತ್ತಿದ್ದರಲ್ಲ, ಅದೇ. ನೀವಾಗಿಯೇ ಜಿಲ್ಲಾ ಕೋರ್ಟಿಗೆ ಹೋಗಿ "ನನಗಿರುವ ಆಸ್ತಿ ಇಷ್ಟು, ಸಾಲ ಇಷ್ಟು, ತೀರಿಸುವ ಶಕ್ತಿ ಇಲ್ಲ" ಎಂದು ಲೆಕ್ಕ ಒಪ್ಪಿಸುತ್ತೀರಿ. ಕೈ ಎತ್ತುವುದು ಅಂದರೆ ಕಂತು ಕಟ್ಟುವುದನ್ನು ನಿಲ್ಲಿಸಿ, ಮುಂದಿನದನ್ನು ಸಾಲ ಕೊಟ್ಟವರಿಗೆ ಬಿಡುವುದು. ಮೊದಲನೆಯದರಲ್ಲಿ ನೀವು ಕೋರ್ಟಿಗೆ ಹೋಗುತ್ತೀರಿ. ಎರಡನೆಯದರಲ್ಲಿ ಅವರು ನಿಮ್ಮನ್ನು ಕರೆಸುತ್ತಾರೆ, ಅಥವಾ ಕರೆಸದೆಯೂ ಇರಬಹುದು. ಆ "ಕರೆಸದೆಯೂ ಇರಬಹುದು" ಅನ್ನುವುದರ ಮೇಲೆ ಎಷ್ಟೋ ಜನ ಬದುಕು ನಡೆಸುತ್ತಿದ್ದಾರೆ.

ಅಮೆರಿಕದಲ್ಲಿರುವ ನಮ್ಮ ನೆಂಟರೊಬ್ಬರು ದಿವಾಳಿ ಅರ್ಜಿ ಹಾಕಿ ಕ್ರೆಡಿಟ್ ಕಾರ್ಡ್ ಸಾಲ ಎಲ್ಲ ಕಳೆದುಕೊಂಡರು. ಇಲ್ಲಿ ಹಾಗೆ ಆಗಲ್ವಾ?

ಅಲ್ಲಿನ ಚಾಪ್ಟರ್ 7 ಅರ್ಜಿ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಕಾರ್ಡ್ ಸಾಲ, ಆಸ್ಪತ್ರೆ ಬಿಲ್ಲು ಹೋಗುತ್ತವೆ. ಆಮೇಲೆ 10 ವರ್ಷ ಕ್ರೆಡಿಟ್ ವರದಿಯಲ್ಲಿ ಆ ಗುರುತು ಇರುತ್ತದೆ.

ನಮ್ಮಲ್ಲಿ ಕಥೆ ಬೇರೆ. 2016ರಲ್ಲಿ ಬಂದ ಹೊಸ ದಿವಾಳಿ ಕಾನೂನಿನಲ್ಲಿ, ಅಂದರೆ ಐಬಿಸಿಯಲ್ಲಿ, ಸಾಮಾನ್ಯ ಜನರಿಗೂ ಒಂದು ಭಾಗ ಇದೆ. ವರ್ಷಕ್ಕೆ 60,000 ರೂಪಾಯಿ ಒಳಗಿನ ಆದಾಯ, 20,000 ಒಳಗಿನ ಆಸ್ತಿ, 35,000 ಒಳಗಿನ ಸಾಲ ಇದ್ದವರಿಗೆ ಹೊಸದಾಗಿ ಬದುಕು ಶುರು ಮಾಡುವ ಸರಳ ದಾರಿಯನ್ನೂ ಬರೆದಿಟ್ಟಿದ್ದಾರೆ. ಆದರೆ ಆ ಭಾಗ ಇನ್ನೂ ಜಾರಿಯಾಗಿಲ್ಲ. 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ಕೊಟ್ಟವರಿಗೆ ಮಾತ್ರ ಅನ್ವಯಿಸಿದ್ದಾರೆ. ಹಾಗಾಗಿ ಅಂಗಡಿಯವರು, ಆಟೊ ಓಡಿಸುವವರು, ಸಾಫ್ಟ್‌ವೇರ್ ಎಂಜಿನಿಯರು ಎಲ್ಲರಿಗೂ ಇರುವುದು ಬ್ರಿಟಿಷರ ಕಾಲದ 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಆಕ್ಟ್ ಒಂದೇ. 500 ರೂಪಾಯಿ ಸಾಲ ಇದ್ದರೂ ಅರ್ಜಿ ಹಾಕಬಹುದು ಎಂದು ಅದರಲ್ಲಿದೆ. ಆ ಕಾನೂನಿಗೆ ಎಷ್ಟು ವಯಸ್ಸಾಗಿದೆ ಅನ್ನುವುದಕ್ಕೆ ಆ ಒಂದು ಅಂಕಿ ಸಾಕು. 500 ರೂಪಾಯಿಗೆ ಈಗ ಒಂದು ಸಂಸಾರದ ವಾರದ ತರಕಾರಿ ಬರುವುದೂ ಕಷ್ಟ.

ಅರ್ಜಿ ಹಾಕಿದ ದಿನದಿಂದಲೇ ಎಲ್ಲರ ಕಾಟ ನಿಲ್ಲುತ್ತಾ?

ಇಲ್ಲ. ಜನ ಅತಿ ಹೆಚ್ಚು ತಪ್ಪು ತಿಳಿದಿರುವುದು ಇದನ್ನೇ. ಅರ್ಜಿ ಹಾಕಿದ ಮೇಲೆ ಪಟ್ಟಿಯಲ್ಲಿರುವ ಎಲ್ಲರಿಗೂ ನೋಟಿಸ್ ಹೋಗಬೇಕು. ಅವರು ಬಂದು ತಕರಾರು ಹಾಕುತ್ತಾರೆ. "ಇವನ ಹತ್ತಿರ ದುಡ್ಡಿದೆ, ಹೆಂಡತಿ ಹೆಸರಲ್ಲಿ ಇಟ್ಟಿದ್ದಾನೆ" ಅನ್ನುವುದು ಪ್ರತಿ ಕೇಸಿನಲ್ಲೂ ಬರುವ ಮಾತು. ಸಾಲ ತೀರಿಸಲು ಆಗಲ್ಲ ಎಂದು ಮೇಲ್ನೋಟಕ್ಕಾದರೂ ನೀವು ತೋರಿಸಿಕೊಡಬೇಕು. ಇದೆಲ್ಲ ಮುಗಿದು, ಕೋರ್ಟು ನಿಮ್ಮನ್ನು ದಿವಾಳಿ ಎಂದು ಘೋಷಿಸಿದ ಮೇಲೆ ನಿಜವಾದ ರಕ್ಷಣೆ ಶುರು. ಆಮೇಲೆ ಕೋರ್ಟಿನ ಅನುಮತಿ ಇಲ್ಲದೆ ಯಾರೂ ಹಳೇ ಸಾಲಕ್ಕೆ ಹೊಸ ದಾವಾ ಹಾಕುವ ಹಾಗಿಲ್ಲ. ಬಂಧನದಿಂದ ರಕ್ಷಣೆಯನ್ನೂ ಬೇರೆಯಾಗಿ ಕೇಳಿ ಪಡೆಯಬಹುದು. ಅಲ್ಲಿಗೆ ತಲುಪುವಷ್ಟರಲ್ಲಿ ಕ್ಯಾಲೆಂಡರ್ ಒಂದೆರಡು ಸಲ ಬದಲಾಗಿರುತ್ತದೆ.

ಇನ್ನೊಂದು ವಿಷಯ. ಮನೆ, ಸೈಟು ಅಡ ಇಟ್ಟು ತೆಗೆದ ಸಾಲಕ್ಕೆ ಈ ರಕ್ಷಣೆ ತಾಗುವುದೇ ಇಲ್ಲ. ಅಡ ಇಟ್ಟುಕೊಂಡವರ ಹಕ್ಕು ಹಾಗೇ ಉಳಿಯುತ್ತದೆ.

ದಿವಾಳಿ ಅಂತ ಘೋಷಿಸಿದರೆ ನನ್ನ ಹತ್ತಿರ ಏನು ಉಳಿಯುತ್ತೆ?

ಆಸ್ತಿ ಕೋರ್ಟಿನ ಅಥವಾ ಕೋರ್ಟು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಈಗಿರುವುದು ಮಾತ್ರ ಅಲ್ಲ. ಸಾಲದಿಂದ ಬಿಡುಗಡೆಯ ಆದೇಶ ಸಿಗುವ ಮೊದಲು ನಿಮಗೆ ಬರುವ ಪಿತ್ರಾರ್ಜಿತ ಪಾಲೂ ಅದಕ್ಕೇ ಸೇರುತ್ತದೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಕೆಲವನ್ನು ಮುಟ್ಟಬಾರದು ಅನ್ನುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ. ಧರ್ಮದ ಪದ್ಧತಿ ಪ್ರಕಾರ ಹೆಂಗಸರು ತೆಗೆಯಬಾರದ ಒಡವೆ, ಅಂದರೆ ತಾಳಿಯಂಥದ್ದು. ಕುಶಲಕರ್ಮಿಯ ಹತಾರ. ರೈತರಾದರೆ ನೇಗಿಲು, ಎತ್ತು, ತಾವು ವಾಸ ಇರುವ ಮನೆ. ಭವಿಷ್ಯ ನಿಧಿ, ಸರ್ಕಾರಿ ಪಿಂಚಣಿ, ಜೀವ ವಿಮೆಯ ಹಣ ಕೂಡ. ಗಮನಿಸಿ, ಮನೆಗೆ ರಕ್ಷಣೆ ಇರುವುದು ಮುಖ್ಯವಾಗಿ ರೈತರಿಗೆ, ಕೂಲಿಯವರಿಗೆ. ಬೆಂಗಳೂರಿನ 30x40 ಸೈಟಿನ ಮನೆಗೆ ಅಲ್ಲ.

ಇಲ್ಲೊಂದು ತಮಾಷೆ ಇದೆ. ಐಪಿ ಹಾಕದೆ ಕೈ ಎತ್ತಿ, ಅವರು ದಾವಾ ಹಾಕಿ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ಕೋರ್ಟಿನ ತೀರ್ಪು, ಪಡೆದರೂ ಇದೇ ಪಟ್ಟಿ ನಿಮ್ಮನ್ನು ಕಾಯುತ್ತದೆ. ಅಂದರೆ ಏನೂ ಇಲ್ಲದವನಿಗೆ ಐಪಿಯಿಂದ ಹೆಚ್ಚೇನೂ ಸಿಗಲ್ಲ.

ಸಂಬಳ ಪೂರ್ತಿ ಹಿಡಿದುಕೊಳ್ತಾರಾ?

ಆಗಲ್ಲ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. 40,000 ಸಂಬಳ ಅಂದುಕೊಳ್ಳಿ. 1,000 ಕಳೆದು 39,000. ಅದರಲ್ಲಿ 26,000 ನಿಮ್ಮದೇ. ಹಿಡಿಯಬಹುದಾದದ್ದು 13,000. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದ ಮೇಲೆ ಮತ್ತೆ ಆ ಡಿಕ್ರಿಗೆ ಹಿಡಿಯುವಂತಿಲ್ಲ.

ಆದರೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಸಂಬಳದ ಖಾತೆ ಇದ್ದರೆ, ಅವರು ಡಿಕ್ರಿಗೆ ಕಾಯದೆ ಆ ಖಾತೆಯಿಂದಲೇ ವಜಾ ಮಾಡಿಕೊಳ್ಳುವ ಸಾಧ್ಯತೆ ಇದೆ. ಇದನ್ನು ಮೊದಲೇ ನೋಡಿಕೊಳ್ಳಿ. ಪತ್ತಿನ ಸಹಕಾರ ಸಂಘದಲ್ಲಿ ಸಾಲ ತೆಗೆದು, ಸಂಬಳದಲ್ಲಿ ಮುರಿದುಕೊಳ್ಳಿ ಅಂತ ಬರೆದುಕೊಟ್ಟಿದ್ದರೆ ಅದೂ ಬೇರೆ ಲೆಕ್ಕ.

ಒಂದು ಸಲ ಐಪಿ ಆದ್ರೆ ಎಲ್ಲ ಸಾಲವೂ ಮನ್ನಾ ತಾನೆ?

ದಿವಾಳಿ ಎಂದು ಘೋಷಣೆಯಾಗುವುದು ಬೇರೆ, ಸಾಲದಿಂದ ಬಿಡುಗಡೆ ಸಿಗುವುದು ಬೇರೆ. ಘೋಷಣೆಯಾದ ಮೇಲೆ ಕೋರ್ಟು ಹೇಳಿದ ಅವಧಿಯೊಳಗೆ ನೀವು ಬಿಡುಗಡೆಗೆ ಮತ್ತೊಂದು ಅರ್ಜಿ ಹಾಕಬೇಕು. ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ. ಎಷ್ಟೋ ಜನ ಮೊದಲ ಆದೇಶ ಸಿಕ್ಕ ಖುಷಿಯಲ್ಲಿ ಮನೆಗೆ ಹೋದವರು ತಿರುಗಿ ಬರುವುದೇ ಇಲ್ಲ. ಫೀಸು ಬಾಕಿ ಇರುವುದೂ ಒಂದು ಕಾರಣ ಇರಬಹುದು, ಬಿಡಿ.

ಅರ್ಜಿ ಹಾಕಿದರೂ ಕೋರ್ಟು ಸುಮ್ಮನೆ ಬಿಡಲ್ಲ. ನಿಮ್ಮ ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಾದರೂ ಹುಟ್ಟದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ನೀವು ತೋರಿಸಬೇಕು. ಜೂಜು, ಸಟ್ಟಾ ವ್ಯವಹಾರ, ಅತಿ ದುಂದುವೆಚ್ಚ ಕಂಡುಬಂದರೆ ಪೂರ್ತಿ ಬಿಡುಗಡೆ ಸಿಗಲ್ಲ. ಆನ್‌ಲೈನ್ ರಮ್ಮಿಯಲ್ಲಿ, ಷೇರಿನ ಆಪ್ಷನ್ ವ್ಯಾಪಾರದಲ್ಲಿ ಕಳೆದುಕೊಂಡು ಬಂದವರಿಗೆ ನಾನು ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಬಿಡುಗಡೆ ಸಿಕ್ಕ ಮೇಲೂ ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೋರ್ಟು ಹಾಕಿದ ಜೀವನಾಂಶ ಇವು ಹೋಗಲ್ಲ.

ನನಗೆ ಜಾಮೀನು ಹಾಕಿದ ಭಾವಮೈದುನನ ಗತಿ?

ಅವರು ಸಿಕ್ಕಿಹಾಕಿಕೊಳ್ಳುತ್ತಾರೆ. ಜಾಮೀನುದಾರನ ಹೊಣೆ ಸಾಲ ತೆಗೆದವನ ಹೊಣೆಯಷ್ಟೇ ದೊಡ್ಡದು. ನಿಮಗೆ ಬಿಡುಗಡೆ ಸಿಕ್ಕರೂ ಅವರಿಗೆ ಸಿಗಲ್ಲ. ಐಪಿ ಇರಲಿ, ಕೈ ಎತ್ತುವುದಿರಲಿ, ಜಾಮೀನು ಇರುವ ಸಾಲವನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಸ್ವಲ್ಪ ದುಡ್ಡು ಹುಟ್ಟಿದರೆ ಮೊದಲು ಅಲ್ಲಿಗೆ ಕಟ್ಟಿ. ಹೀಗೆ ಒಬ್ಬರಿಗೆ ಕಟ್ಟಿದ ಮೂರು ತಿಂಗಳೊಳಗೆ ಐಪಿ ಹಾಕಿದರೆ "ಇವರಿಗೆ ಮಾತ್ರ ಯಾಕೆ ಕೊಟ್ಟೆ?" ಎಂದು ಆ ಪಾವತಿಯನ್ನೇ ರದ್ದು ಮಾಡಿಸಬಹುದು, ನೆನಪಿರಲಿ.

ಸೈಟನ್ನು ಹೆಂಡತಿ ಹೆಸರಿಗೆ ದಾನಪತ್ರ ಮಾಡಿ ಆಮೇಲೆ ಐಪಿ ಹಾಕಿದರೆ?

ದಯವಿಟ್ಟು ಬೇಡ. ದಾನ ಮಾಡಿದ ಎರಡು ವರ್ಷದೊಳಗೆ ಹಾಕಿದ ಅರ್ಜಿಯ ಮೇಲೆ ದಿವಾಳಿ ಎಂದು ಘೋಷಣೆಯಾದರೆ ಆ ದಾನಪತ್ರವನ್ನು ರಿಸೀವರ್ ರದ್ದು ಮಾಡಿಸಬಹುದು. ಆಸ್ತಿ ಮುಚ್ಚಿಟ್ಟದ್ದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು. ಬರಿಗೈಯಲ್ಲಿ ಕೋರ್ಟಿಗೆ ಬಂದವನ ಬಗ್ಗೆ ಜಡ್ಜಿಗೆ ಕರುಣೆ ಬರಬಹುದು. ಮುಚ್ಚಿಟ್ಟು ಬಂದವನ ಬಗ್ಗೆ ಬರಲ್ಲ.

ಐಪಿ ಹಾಕದೆ ಕಂತು ನಿಲ್ಲಿಸಿದರೆ ಪೊಲೀಸರು ಹಿಡಿದುಕೊಂಡು ಹೋಗ್ತಾರಾ?

ಸಾಲ ತೀರಿಸಲಾಗದೆ ಇರುವುದು ಅಪರಾಧ ಅಲ್ಲ. ಅದು ಸಿವಿಲ್ ವಿಷಯ. "ಸಂಜೆ ಒಳಗೆ ಕಟ್ಟದಿದ್ದರೆ ಮನೆಗೆ ಪೊಲೀಸ್ ಬರ್ತಾರೆ" ಎಂದು ಫೋನಿನಲ್ಲಿ ಹೆದರಿಸುವವರಿಗೆ ಅಂಥ ಅಧಿಕಾರ ಇಲ್ಲ.

ಡಿಕ್ರಿ ಆದ ಮೇಲೆ ಸಿವಿಲ್ ಜೈಲು ಅನ್ನುವುದೊಂದು ಇದೆ, ನಿಜ. 5,000 ರೂಪಾಯಿಗಿಂತ ಹೆಚ್ಚಿನ ಡಿಕ್ರಿಗೆ ಮೂರು ತಿಂಗಳವರೆಗೆ ಇಡಬಹುದು. ಹಣದ ಡಿಕ್ರಿಗೆ ಹೆಂಗಸರನ್ನು ಹಾಗೆ ಬಂಧಿಸುವಂತಿಲ್ಲ. ಆದರೆ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಬರೀ ಬಡತನದಿಂದ ಕಟ್ಟಲಾಗದವನನ್ನು ಜೈಲಿಗೆ ಹಾಕುವಂತಿಲ್ಲ, ಶಕ್ತಿ ಇದ್ದೂ ಬೇಕಂತಲೇ ಕಟ್ಟದವನಿಗೆ ಮಾತ್ರ ಅದು. ಹಾಗೆ ಬಂಧಿಸಿ ತಂದರೂ "ನೀನು ದಿವಾಳಿ ಅರ್ಜಿ ಹಾಕಬಹುದು" ಎಂದು ಕೋರ್ಟು ತಿಳಿಸಬೇಕು. ಐಪಿಗೆ ನಿಜವಾದ ಬೆಲೆ ಬರುವುದು ಈ ಘಟ್ಟದಲ್ಲಿ.

ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟಿದ್ದೀನಿ. ಏನಾಗುತ್ತೆ?

ಈ ಪ್ರಶ್ನೆ ಕೇಳುವಾಗ ಎಲ್ಲರ ಮುಖವೂ ಒಂದೇ ಥರ ಇರುತ್ತದೆ. ಸಾಲ ಸಿವಿಲ್, ಆದರೆ ಚೆಕ್ ಬೌನ್ಸ್ ಕ್ರಿಮಿನಲ್. ಬೌನ್ಸ್ ಆದ ಮಾಹಿತಿ ಸಿಕ್ಕ 30 ದಿನದೊಳಗೆ ಅವರು ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ 15 ದಿನದೊಳಗೆ ನೀವು ಕಟ್ಟದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಅವರು ದೂರು ಹಾಕಬೇಕು. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಬ್ಯಾಂಕಿಗೆ ಕೊಟ್ಟ ಆಟೊ ಡೆಬಿಟ್ ದುಡ್ಡಿಲ್ಲದೆ ವಾಪಸಾದರೂ ಇದೇ ಥರದ ಕೇಸು ಹಾಕಲು 2007ರ ಬೇರೊಂದು ಕಾನೂನಿದೆ.

ಐಪಿ ಹಾಕಿದ ಮಾತ್ರಕ್ಕೆ ಈ ಕೇಸು ನಿಲ್ಲಲ್ಲ. ಹಾಗಾಗಿ ಚೆಕ್ ಕೊಟ್ಟ ಸಾಲ ಮತ್ತು ಚೆಕ್ ಕೊಡದ ಸಾಲವನ್ನು ಬೇರೆ ಬೇರೆ ಬರೆದುಕೊಳ್ಳಿ. ನೋಟಿಸ್ ಬಂದರೆ "ತಗೊಳ್ಳಲ್ಲ" ಅಂತ ಪೋಸ್ಟ್‌ಮನ್ನಿಗೆ ವಾಪಸ್ ಕೊಡಬೇಡಿ. ಬೇಡ ಅಂತ ವಾಪಸ್ ಮಾಡಿದರೂ ತಲುಪಿದ ಹಾಗೇ ಲೆಕ್ಕ. ಆ 15 ದಿನ ಮಾತ್ರ ಸುಮ್ಮನೆ ಕಳೆದುಹೋಗುತ್ತದೆ.

ಮನೆ ಸಾಲದ ಕಂತು ನಿಲ್ಲಿಸಿದರೆ ಎಷ್ಟು ದಿನಕ್ಕೆ ಮನೆ ಹೋಗುತ್ತೆ?

90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್. ಅದು ಮುಗಿದ ಮೇಲೆ ಸ್ವಾಧೀನ, ಹರಾಜು. ಸಿವಿಲ್ ಕೋರ್ಟಿಗೆ ಹೋಗುವ ಅಗತ್ಯವೇ ಬ್ಯಾಂಕಿಗಿಲ್ಲ. 60 ದಿನದ ನೋಟಿಸ್‌ಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಸ್ವಾಧೀನದ ಕ್ರಮಕ್ಕೆ ಇಳಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಕೃಷಿ ಜಮೀನಿಗೆ ಈ ಕಾಯ್ದೆ ತಾಗಲ್ಲ.

ಮನೆ ಉಳಿಯಲ್ಲ ಎಂದು ಖಚಿತವಾದರೆ ಬ್ಯಾಂಕಿನವರನ್ನು ಒಪ್ಪಿಸಿ ನೀವೇ ಮಾರಿ. ಹರಾಜಿನಲ್ಲಿ ಹುಟ್ಟುವುದಕ್ಕಿಂತ ನೀವೇ ಗಿರಾಕಿ ಹುಡುಕಿದರೆ ಸಾಮಾನ್ಯವಾಗಿ ಜಾಸ್ತಿ ಹುಟ್ಟುತ್ತದೆ. ಇಲ್ಲಿ ಐಪಿಯೂ ಬೇಡ, ಕೈ ಎತ್ತುವುದೂ ಬೇಡ.

ಮೂರು ವರ್ಷ ತಲೆಮರೆಸಿಕೊಂಡರೆ ಸಾಲ ತೀರಿದ ಹಾಗೇ ಅಂತಾರಲ್ಲ?

ಅರ್ಧ ಸತ್ಯ. ಸಾಮಾನ್ಯ ಕೈಸಾಲ, ಪರ್ಸನಲ್ ಲೋನು, ಕಾರ್ಡ್ ಬಾಕಿಗೆ ದಾವಾ ಹಾಕಲು ಮೂರು ವರ್ಷದ ಗಡುವು ಇದೆ. ಗಡುವು ಮುಗಿದರೆ ಸಾಲ ಸಾಯಲ್ಲ, ದಾವಾ ಹಾಕುವ ಹಕ್ಕು ಸಾಯುತ್ತದೆ. ಗಡುವಿನೊಳಗೆ ನೀವು ಒಂದು ಸಾವಿರ ಕಟ್ಟಿ ಅದಕ್ಕೆ ನಿಮ್ಮ ಕೈಬರಹದ ದಾಖಲೆ ಇದ್ದರೆ, ಅಥವಾ "ಸಾಲ ಇದೆ, ಕೊಡ್ತೀನಿ" ಎಂದು ಸಹಿ ಹಾಕಿದರೆ ಮೂರು ವರ್ಷ ಮತ್ತೆ ಮೊದಲಿನಿಂದ ಶುರು. ಅಡಮಾನದ ಸಾಲಕ್ಕೆ 12 ವರ್ಷ. ಡಿಕ್ರಿ ಆಗಿಬಿಟ್ಟರೆ ಅದನ್ನು ಜಾರಿ ಮಾಡಲು 12 ವರ್ಷ.

ತಲೆಮರೆಸಿಕೊಂಡವರಿಗೆ ಆಗುವ ದೊಡ್ಡ ನಷ್ಟ ಇದು: ಸಮನ್ಸ್ ಹಳೇ ಬಾಡಿಗೆ ಮನೆಗೆ ಹೋಗುತ್ತದೆ, ಇವರು ಇರಲ್ಲ, ಏಕಪಕ್ಷೀಯ ಡಿಕ್ರಿ ಆಗುತ್ತದೆ. ಬಡ್ಡಿ ಲೆಕ್ಕ ಸರಿ ಇದೆಯಾ ಎಂದು ಕೇಳುವವರೇ ಇರಲ್ಲ. ಕೈ ಎತ್ತುವುದಾದರೆ ವಿಳಾಸ ಕೊಟ್ಟು ಕೈ ಎತ್ತಿ.

ಹಾಗಾದ್ರೆ ನೇರವಾಗಿ ಹೇಳಿ ಸಾರ್, ಯಾರು ಐಪಿ ಹಾಕಬೇಕು, ಯಾರು ಬೇಡ?

ನನ್ನ ಅಭಿಪ್ರಾಯ ಹೇಳುತ್ತೇನೆ. ಬೇರೆ ವಕೀಲರು ಒಪ್ಪದೆಯೂ ಇರಬಹುದು.

ನಿಮ್ಮ ಸಾಲ ಬಹುಪಾಲು ಬ್ಯಾಂಕು, ಆ್ಯಪ್, ಕಾರ್ಡಿನದ್ದಾಗಿದ್ದರೆ ಐಪಿ ಹಾಕುವುದು ಸೊಳ್ಳೆಗೆ ಕೊಡಲಿ ಎತ್ತಿದ ಹಾಗೆ. ಅವರು ಕೊನೆಗೆ ರಾಜಿಗೆ ಬರುತ್ತಾರೆ. ಕಂತು ನಿಲ್ಲಿಸಿ, ಕಾರಣವನ್ನು ಪತ್ರದಲ್ಲಿ ತಿಳಿಸಿ, ಒಂದೇ ಸಲದ ತೀರುವಳಿಗೆ ದುಡ್ಡು ಕೂಡಿಸಿ. ಅದೇ ನಿಮ್ಮ ದಾರಿ.

ನಿಮ್ಮ ಸಾಲ ಇಪ್ಪತ್ತು ಮೂವತ್ತು ಜನರಿಂದ ತೆಗೆದ ಕೈಸಾಲ, ಚೀಟಿ ಬಾಕಿ, ಸಗಟು ಅಂಗಡಿಗಳ ಬಾಕಿ ಆಗಿದ್ದರೆ ಕಥೆ ಬೇರೆ. ಪ್ರತಿಯೊಬ್ಬರೂ ಬೇರೆ ಬೇರೆ ದಾವಾ ಹಾಕುತ್ತಾರೆ. ಒಬ್ಬ ಡಿಕ್ರಿ ತಂದು ಇರುವ ಒಂದು ಸೈಟನ್ನು ಜಪ್ತಿ ಮಾಡಿಸುತ್ತಾನೆ, ಉಳಿದವರು ನಿಮ್ಮ ಅಂಗಡಿ ಮುಂದೆ ನಿಲ್ಲುತ್ತಾರೆ. ಆಗ ಐಪಿ ಅರ್ಥಪೂರ್ಣ. ಎಲ್ಲರನ್ನೂ ಒಂದೇ ಕೋರ್ಟಿಗೆ ತಂದು, ಇರುವುದನ್ನು ಪಾಲು ಮಾಡಿ ಕೊಡುತ್ತದೆ.

ರಾಜಕೀಯದ ಆಸೆ ಇರುವವರು, ಕಂಪನಿ ಡೈರೆಕ್ಟರುಗಳು, ಪಾಲುದಾರಿಕೆ ವ್ಯಾಪಾರದವರು ಎರಡು ಸಲ ಯೋಚಿಸಿ. ಬಿಡುಗಡೆ ಸಿಗದ ದಿವಾಳಿ ಎಂಎಲ್‌ಎ ಆಗುವಂತಿಲ್ಲ, ಡೈರೆಕ್ಟರ್ ಆಗುವಂತಿಲ್ಲ. 50 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಉದ್ದರಿ ತಗೊಂಡರೂ "ನಾನು ದಿವಾಳಿ" ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಅದೂ ಅಪರಾಧ. ಕಾಕಾ ಅಂಗಡಿಯಲ್ಲಿ ಬೀಡಿ ಲೆಕ್ಕ ಬರೆಸುವವರು ಹುಷಾರು!

ಬ್ಯಾಂಕಿನ ಜೊತೆ ರಾಜಿ ಮಾಡಿಕೊಳ್ಳುವಾಗ ಏನು ನೋಡಬೇಕು?

ಮೊದಲು ಪತ್ರ, ಆಮೇಲೆ ದುಡ್ಡು. ಎಷ್ಟು ಕಟ್ಟಿದರೆ ಪೂರ್ತಿ ಮುಗಿಯುತ್ತದೆ ಎಂದು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರಲಿ. ಹಣ ಸಾಲದ ಖಾತೆಗೇ ಹೋಗಲಿ, ಏಜೆಂಟನ ಫೋನ್‌ಪೇಗೆ ಬೇಡ. ನನ್ನ ಕಕ್ಷಿದಾರರೊಬ್ಬರು ಏಜೆಂಟನ ಕೈಗೆ 60,000 ಕೊಟ್ಟು, ಆರು ತಿಂಗಳ ಮೇಲೆ ಅದೇ ಸಾಲಕ್ಕೆ ಇನ್ನೊಬ್ಬ ಏಜೆಂಟನ ಫೋನ್ ಬಂದಾಗ ಅತ್ತುಬಿಟ್ಟರು. ಹಣ ಕಟ್ಟಿದ ಮೇಲೆ ಬಾಕಿ ಇಲ್ಲದ ಪತ್ರ ಮತ್ತು ಖಾಲಿ ಚೆಕ್ಕುಗಳನ್ನು ವಾಪಸ್ ಪಡೆಯಿರಿ.

ಸಿಬಿಲ್ ವರದಿಯಲ್ಲಿ, ಅಂದರೆ ನಿಮ್ಮ ಸಾಲದ ಇತಿಹಾಸದ ದಾಖಲೆಯಲ್ಲಿ, "ಸೆಟಲ್ಡ್" ಅಂತ ಬರುತ್ತದೆ. ವರ್ಷಗಟ್ಟಲೆ ಅದು ಕಾಣುತ್ತದೆ, ಹೊಸ ಸಾಲ ಕಷ್ಟ. ಕೇಸು ಕೋರ್ಟಿನಲ್ಲಿದ್ದರೆ ಲೋಕ ಅದಾಲತ್ ಒಳ್ಳೇ ಜಾಗ. ಅಲ್ಲಿನ ರಾಜಿ ಅಂತಿಮ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ.

ವಸೂಲಿಯವರು ಮನೆ ಮುಂದೆ ಬಂದು ಕೂಗಾಡ್ತಾರೆ. ಸುಮ್ನೆ ಸಹಿಸಿಕೊಳ್ಳಬೇಕಾ?

ಬೇಡ. ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ: ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ. ಮೊದಲೇ ಗೊತ್ತು ಮಾಡಿದ ಜಾಗಕ್ಕೆ ನೀವು ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ದೂರಿಗೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448.

ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಕಿರು ಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮೀಟರ್ ಬಡ್ಡಿಯವರ ಮೇಲೆ 2004ರಿಂದಲೇ ಬೇರೆ ಕಾನೂನಿದೆ. ಸುಮ್ಮನೆ ಬಾಯಲ್ಲಿ ಹೇಳಬೇಡಿ, ವಿಡಿಯೊ ಮಾಡಿಟ್ಟು ದೂರು ಬರೆದುಕೊಡಿ.

ದುಬೈನಲ್ಲಿ ಸಾಲ ಬಿಟ್ಟು ಊರಿಗೆ ಬಂದಿದ್ದೀನಿ. ಇಲ್ಲಿಗೆ ಬರ್ತಾರಾ?

ಮಂಗಳೂರು, ಉಡುಪಿ, ಭಟ್ಕಳ ಕಡೆಯವರು ಹೆಚ್ಚು ಕೇಳುವ ಪ್ರಶ್ನೆ. ಮೊದಲೆಲ್ಲ ಅಲ್ಲಿನ ತೀರ್ಪು ಇಲ್ಲಿ ಜಾರಿಯಾಗಬೇಕಾದರೆ ಇಲ್ಲಿ ಹೊಸದಾಗಿ ದಾವಾ ಹಾಕಬೇಕಿತ್ತು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಯುಎಇಗೆ ಮಾನ್ಯತೆ ಕೊಟ್ಟ ಮೇಲೆ, ಅಲ್ಲಿನ ಸಿವಿಲ್ ಡಿಕ್ರಿಯನ್ನು ನೇರವಾಗಿ ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಜಾರಿಗೆ ತರಬಹುದು. ವಿಮಾನ ಹತ್ತಿದರೆ ಮುಗೀತು ಅನ್ನುವ ಕಾಲ ಹೋಯಿತು. ಅಲ್ಲಿಂದ ನೋಟಿಸ್ ಬಂದರೆ ಉತ್ತರ ಕೊಡಿ.

ನಾನೇ ಇಲ್ಲದಿದ್ದರೆ ಸಾಲ ಮಕ್ಕಳ ತಲೆಗೆ ಬರುತ್ತಾ?

ಕಾನೂನಿನ ಉತ್ತರ: ನಿಮ್ಮಿಂದ ಮಕ್ಕಳಿಗೆ ಬಂದ ಆಸ್ತಿಯ ಬೆಲೆಯಷ್ಟಕ್ಕೆ ಮಾತ್ರ. ಅವರ ಸ್ವಂತ ದುಡಿಮೆಗೆ ತಾಗಲ್ಲ, ಅವರೇ ಸಹ ಸಾಲಗಾರರೋ ಜಾಮೀನುದಾರರೋ ಆಗಿರದಿದ್ದರೆ.

ಆದರೆ ಈ ಪ್ರಶ್ನೆ ಬಂದಾಗ ನಾನು ಪೆನ್ನು ಕೆಳಗಿಟ್ಟು, ಅವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸುತ್ತೇನೆ. ಯಾಕೆ ಕೇಳ್ತಿದ್ದೀರಿ ಎಂದು ನೇರವಾಗಿ ಕೇಳುತ್ತೇನೆ. ಮನಸ್ಸಿನಲ್ಲಿ ಅಂಥ ಯೋಚನೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತಾರೆ. ಮನೆಯವರಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿ. ಸಾಲದ ಕೇಸುಗಳು ನಿಧಾನ. ಕಾಯುತ್ತವೆ.

ವಕೀಲರ ಹತ್ತಿರ ಬರುವಾಗ ಏನು ತರಬೇಕು? ಫೀಸಿಗೂ ದುಡ್ಡಿಲ್ಲ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100.

ಒಂದು ನೋಟ್‌ಬುಕ್ ತನ್ನಿ. ಯಾರಿಗೆ, ಎಷ್ಟು, ಯಾವಾಗ ತೆಗೆದದ್ದು, ಕೊನೆಯ ಸಲ ಕಟ್ಟಿದ್ದು ಯಾವಾಗ, ಚೆಕ್ ಕೊಟ್ಟಿದ್ದೀರಾ, ಜಾಮೀನು ಯಾರು. ಹೆಂಡತಿಗೆ ಗೊತ್ತಿಲ್ಲದ ಸಾಲವನ್ನೂ ಬರೆಯಿರಿ. ಸಾಧಾರಣವಾಗಿ ಜನ ಹೇಳುವ ಮೊದಲ ಮೊತ್ತ ನಿಜವಾದದ್ದಲ್ಲ. ಎರಡನೇ ಭೇಟಿಯಲ್ಲಿ ಇನ್ನೂ ನಾಲ್ಕು ಹೆಸರು ಹೊರಬರುತ್ತವೆ. ಎಂಟು ಲಕ್ಷ ಅಂದವರದು ಹದಿಮೂರು ಆಗುತ್ತದೆ. ಆ ಹದಿಮೂರನ್ನು ಮೊದಲ ದಿನವೇ ತನ್ನಿ.